ಗುಜರಿಗೆ ಹೋಗಬಾರದ ಬಿಲ್ಲೆ

ಮರಾಠಿಯಲ್ಲಿ ಗುಜರಿಗೆ ‘ಭಂಗಾರ್’ ಎನ್ನುತ್ತಾರೆ. ಉಮರ್ಗಾ, ನಿಲಂಗಾ, ಉದಗೀರ ಕಡೆ ಹೊಸದಾಗಿ ಹೋದ ಕನ್ನಡದವನಿಗೆ ಬೆಳಗ್ಗೆ ಬೀದಿಯಲ್ಲಿ ‘ಭಂಗಾರ್, ಭಂಗಾರ್’ ಎಂಬ ಕೂಗು ಕೇಳಿದರೆ ಯಾರೋ ಚಿನ್ನ ಮಾರಲು ಬಂದಿದ್ದಾನೆ ಅನಿಸುತ್ತದೆ. ಹೊರಗೆ ಬಂದು ನೋಡಿದರೆ ಕೈಗಾಡಿ. ಅದರ ಮೇಲೆ ತುಕ್ಕು ಹಿಡಿದ ಡಬ್ಬ, ಮುರಿದ ಕುರ್ಚಿಯ ಕಾಲು, ಹಳೇ ಬ್ಯಾಟರಿ. ನಮ್ಮೂರ ಗುಜರಿಯವನೇ, ಭಾಷೆ ಮಾತ್ರ ಬೇರೆ.

ಆ ಕಡೆ ನಾನು ಹನ್ನೊಂದು ವರ್ಷ ಓಡಾಡಿದ್ದೇನೆ. ಮಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಲ್ಯಾಬ್ ಉಪಕರಣ ಮಾರುವ ಒಂದು ಕಂಪನಿಯ ಸರ್ವಿಸ್ ಕೆಲಸಕ್ಕೆ ಸೇರಿ, ಸೊಲ್ಲಾಪುರದಲ್ಲಿ ರೂಮು ಮಾಡಿಕೊಂಡಿದ್ದೆ. ವಾರದಲ್ಲಿ ಮೂರು ದಿನ ಎಸ್.ಟಿ. ಬಸ್ಸು. ಹೈದರಾಬಾದ್ ಹೆದ್ದಾರಿ ಹಿಡಿದು ಉಮರ್ಗಾ, ಅಲ್ಲಿಂದ ನಿಲಂಗಾ, ನಿಲಂಗಾದಿಂದ ಉದಗೀರ. ಕಾಲೇಜುಗಳ ಫಿಸಿಕ್ಸ್ ಲ್ಯಾಬಿನಲ್ಲಿ ಕೆಟ್ಟ ಮೀಟರು, ಪವರ್ ಸಪ್ಲೈ, ಕೌಂಟರು ಸರಿ ಮಾಡುವುದು ನನ್ನ ಕೆಲಸ. ಬ್ಯಾರಿ ಎಂದರೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಮುಸಲ್ಮಾನ, ಆದರೆ ಮನೆಯಲ್ಲಿ ಉರ್ದು ಇಲ್ಲ ಎಂದರೆ ಪಳ್ಳಿಯ ಹಿರಿಯರು ಎರಡೆರಡು ಸಲ ಕೇಳುತ್ತಿದ್ದರು. ಕೈ ಹಿಡಿದದ್ದು ಕನ್ನಡ. ನಿಲಂಗಾ, ಉದಗೀರ ಎರಡೂ 1956ರವರೆಗೆ ಬೀದರ್ ಜಿಲ್ಲೆಯ ತಾಲ್ಲೂಕುಗಳು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ್ ಮೈಸೂರಿಗೆ ಬಂತು, ಇವು ಮುಂಬೈ ರಾಜ್ಯಕ್ಕೆ ಹೋದವು. ಈಗಲೂ ಗಡಿಯ ಎಷ್ಟೋ ಹಳ್ಳಿಗಳಲ್ಲಿ ಶಾಲೆಯಲ್ಲಿ ಮರಾಠಿ, ಒಲೆಯ ಮುಂದೆ ಕನ್ನಡ.

ರೇಡಿಯೊ ಆಕ್ಟಿವ್ ವಸ್ತುವಿನ ಕಥೆಯನ್ನು ಬ್ಯಾರಿಗಳ ಮುಂದೆ ಯಾಕೆ ತಂದೆ ಎಂದು ನೀವು ಕೇಳಬಹುದು. ಸಂಬಂಧಿಕರಲ್ಲಿ ಒಬ್ಬರಾದರೂ ಗುಜರಿ ವ್ಯಾಪಾರದವರು ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಅದಕ್ಕಾಗಿ. ನನ್ನ ಉಮ್ಮನ ತಮ್ಮನದ್ದೇ ಒಂದು ಗುಜರಿ ಅಂಗಡಿ ಇತ್ತು, ಶಾಲೆಯ ರಜೆ ನಾನು ಕಳೆದದ್ದು ಅಲ್ಲೇ. ಹಿತ್ತಾಳೆ, ತಾಮ್ರ ಕಣ್ಣಿಗೆ ಗೊತ್ತಾಗುತ್ತದೆ. ಸೀಸ ಗೊತ್ತಾಗುವುದು ಕೈಗೆ. ನೋಡಲು ಚಿಕ್ಕದು, ಎತ್ತಿದರೆ ತೋಳು ಜಗ್ಗುತ್ತದೆ. ಉಗುರಿನಲ್ಲಿ ಗೀರಿದರೆ ಗೆರೆ ಬೀಳುತ್ತದೆ. ಕಾಗದದ ಮೇಲೆ ಉಜ್ಜಿದರೆ ಪೆನ್ಸಿಲಿನ ಹಾಗೆ ಬರೆಯುತ್ತದೆ. ಸೀಸಕ್ಕೆ ಕಬ್ಬಿಣದ ಎಷ್ಟೋ ಪಟ್ಟು ಬೆಲೆ, ಆದ್ದರಿಂದ ಸೀಸ ಕಂಡರೆ ಗುಜರಿಯವರ ಕಣ್ಣು ಅರಳುತ್ತದೆ. ಮಾವ ಕಲಿಸಿದ ಈ ಪಾಠ ಡಿಗ್ರಿಯಲ್ಲಿ ಓದಿದ್ದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಒಂದು ದಿನ ಇದೆ, ಮುಂದೆ ಹೇಳುತ್ತೇನೆ.

ಎಂ.ಎಸ್ಸಿ. ಇರುವ ಕಾಲೇಜುಗಳಲ್ಲಿ ಜಿ.ಎಂ. ಕೌಂಟರ್ ಎಂಬ ಯಂತ್ರ ಇರುತ್ತದೆ. ಗೈಗರ್, ಮುಲ್ಲರ್ ಎಂಬ ಇಬ್ಬರು ಜರ್ಮನಿಯವರ ಹೆಸರು ಅದಕ್ಕೆ. ಗಾಳಿಯಾಡದ ಒಂದು ಕೊಳವೆ, ಒಳಗೆ ಅನಿಲ, ನಡುವೆ ತಂತಿ. ವಿಕಿರಣದ ಒಂದು ಕಣ ಹೊಕ್ಕರೆ ಒಂದು ಟಿಕ್. ಪ್ರಯೋಗ ಮಾಡಲು ಇದರ ಜೊತೆಗೆ ನಾಲ್ಕೈದು ಬಿಲ್ಲೆಗಳು ಬರುತ್ತವೆ. ಕೋಟಿನ ಗುಂಡಿಯಷ್ಟು ಅಗಲದ ಪ್ಲಾಸ್ಟಿಕ್, ನಟ್ಟ ನಡುವೆ ಸಾಸಿವೆಯಷ್ಟು ಸೀಸಿಯಂ-137 ಅಥವಾ ಕೋಬಾಲ್ಟ್-60 ಅಥವಾ ಸ್ಟ್ರಾನ್ಷಿಯಂ-90. ಸುತ್ತ ಮುಚ್ಚಿ ಅಂಟು ಹಾಕಿರುವುದರಿಂದ ಇದಕ್ಕೆ ‘ಸೀಲ್ಡ್ ಸೋರ್ಸ್’ ಎನ್ನುತ್ತಾರೆ. ವಿಕಿರಣ ಹೊರಗೆ ಬರಬೇಕು, ಪುಡಿ ಹೊರಗೆ ಬರಬಾರದು. ಈ ಎರಡರ ವ್ಯತ್ಯಾಸ ತಿಳಿದರೆ ಅರ್ಧ ವಿಷಯ ತಿಳಿದಂತೆ. ದೀಪದ ಬೆಳಕು ನಿಮ್ಮ ಮೇಲೆ ಬಿದ್ದರೆ, ನೀವು ಎದ್ದು ಹೋದಾಗ ಬೆಳಕು ಹಿಂದೆ ಬರುವುದಿಲ್ಲ. ದೀಪದ ಎಣ್ಣೆ ಕೈಗೆ ಹತ್ತಿದರೆ ಅದು ಅಂಗಿಗೆ, ಬಾಗಿಲಿಗೆ, ಮಗುವಿನ ಕೆನ್ನೆಗೆ ಎಲ್ಲ ಕಡೆಗೂ ಹೋಗುತ್ತದೆ. ಸೀಲ್ ಸೋರುವುದೆಂದರೆ ಎಣ್ಣೆ ಚೆಲ್ಲಿದ ಹಾಗೆ. ಒಂದೇ ಕಷ್ಟವೆಂದರೆ ಈ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಬಡಿಯುವುದಿಲ್ಲ.

ಏನೂ ಇಡದಿದ್ದರೂ ಕೌಂಟರ್ ನಿಮಿಷಕ್ಕೆ ಇಪ್ಪತ್ತು ಮೂವತ್ತು ಸಲ ಟಿಕ್ ಎನ್ನುತ್ತಲೇ ಇರುತ್ತದೆ. ಆಕಾಶದಿಂದ ಬರುತ್ತದೆ, ನೆಲದ ಕಲ್ಲಿನಿಂದ ಬರುತ್ತದೆ. ಉಳ್ಳಾಲದ ಕಡಲ ಮರಳಿನಲ್ಲಿ ಮೋನಜೈಟ್ ಇರುವ ಜಾಗದಲ್ಲಿ ಇನ್ನೂ ಹೆಚ್ಚು, ಕೊಣಾಜೆಯ ವಿಶ್ವವಿದ್ಯಾಲಯದವರು ಅದನ್ನು ಅಳೆದು ಬರೆದಿದ್ದಾರೆ. ನಾನು ಕೌಂಟರ್ ಪರೀಕ್ಷೆಗೆಂದು ಚೀಲದಲ್ಲಿ ಇಟ್ಟುಕೊಂಡಿದ್ದದ್ದು ಹಳೇ ಗ್ಯಾಸ್‌ಲೈಟಿನ ಒಂದು ಮ್ಯಾಂಟಲ್. ಉರೂಸಿಗೆ, ಮದುವೆಗೆ ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ ಆ ಗ್ಯಾಸ್‌ಲೈಟು ಅಷ್ಟು ಬೆಳ್ಳಗೆ ಉರಿಯುತ್ತಿದ್ದದ್ದು ಮ್ಯಾಂಟಲಿನಲ್ಲಿದ್ದ ಥೋರಿಯಂನಿಂದ. ಅದನ್ನು ಕೊಳವೆಯ ಮುಂದೆ ಹಿಡಿದರೆ ಸಾಕು, ಕೌಂಟರ್ ಜೀವಂತ ಇದೆಯೋ ಇಲ್ಲವೋ ತಿಳಿಯುತ್ತದೆ.

2011ರ ಮಳೆಗಾಲ. ಮೂರು ಊರುಗಳಲ್ಲಿ ಒಂದರ ಕಾಲೇಜು. ಯಾವುದು ಎಂದು ಹೇಳುವುದಿಲ್ಲ, ಹೇಳಿದರೆ ಅಲ್ಲಿದ್ದ ಒಳ್ಳೆಯ ಮನುಷ್ಯರಿಗೆ ತೊಂದರೆ. ಲ್ಯಾಬಿನ ಶಿಪಾಯಿಯನ್ನು ಹುಡುಗರೆಲ್ಲ ಮಾಮಾ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಬಾಗಿಲಲ್ಲೇ ಹೇಳಿದರು: “ಏನ್ ಹೇಳ್ಲಿ ಸರ, ಏನೂ ಇಡಲಾರದೇ ಎಣಸ್ತದ ಅದು. ಭೂತ ಹೊಕ್ಕದ ನೋಡ್ರಿ.”

ಕೌಂಟರ್ ಹಾಕಿದೆ. ಖಾಲಿ ಇದ್ದಾಗ ಮೂವತ್ತು ತೋರಿಸಬೇಕಾದದ್ದು ನಾನೂರರ ಹತ್ತಿರ ಹೋಯಿತು. ಇಂಥದ್ದಕ್ಕೆ ಸಾಮಾನ್ಯವಾಗಿ ಕೊಳವೆಯೇ ಕಾರಣ. ಹಳತಾದರೆ ತನ್ನಷ್ಟಕ್ಕೆ ಎಣಿಸಲು ಶುರು ಮಾಡುತ್ತದೆ. ಹೊಸ ಕೊಳವೆ ಹಾಕಿದೆ. ಅಷ್ಟೇ. ವೋಲ್ಟೇಜ್ ನೋಡಿದೆ, ಕೇಬಲ್ ಬದಲಿಸಿದೆ. ಅಷ್ಟೇ. ಆಮೇಲೆ ಕೊಳವೆಯನ್ನು ಉದ್ದದ ವೈರಿನೊಂದಿಗೆ ಹಾಗೇ ಎತ್ತಿಕೊಂಡು ವರಾಂಡಕ್ಕೆ ಹೋದೆ. ಮೂವತ್ತಕ್ಕೆ ಇಳಿಯಿತು. ಒಳಗೆ ತಂದೆ, ನಾನೂರು. ಭೂತ ಯಂತ್ರದಲ್ಲಿ ಇರಲಿಲ್ಲ, ಮೇಜಿನ ಮೇಲೆ ಇತ್ತು.

ಆ ಹೊತ್ತಿಗೆ ಲ್ಯಾಬಿನಲ್ಲಿ ಆರು ಜನ ಹುಡುಗರು, ಇಬ್ಬರು ಹುಡುಗಿಯರು, ಪ್ರೊಫೆಸರ್, ಮಾಮಾ, ನಾನು. ಮೊದಲು ಮಾಡಿದ್ದು ಫ್ಯಾನ್ ಆಫ್. ಎರಡನೆಯದು, ಯಾರೂ ಹೊರಗೆ ಹೋಗಬೇಡಿ ಎಂದದ್ದು. ಜನರಿಗೆ ಇದು ತಲೆಕೆಳಗು ಅನಿಸುತ್ತದೆ. ಅಪಾಯ ಎಂದರೆ ಓಡಬೇಕಲ್ಲವೇ? ಬೆಂಕಿಯಾದರೆ ಓಡಬೇಕು. ಪುಡಿಯಾದರೆ ಓಡಿದವನ ಚಪ್ಪಲಿಯಲ್ಲಿ ಅದೂ ಮನೆಗೆ ಹೋಗುತ್ತದೆ. ಮೇಜಿನಿಂದ ದೂರ, ಗೋಡೆಯ ಪಕ್ಕ ಎಲ್ಲರನ್ನೂ ನಿಲ್ಲಿಸಿ ಒಬ್ಬೊಬ್ಬರ ಅಂಗೈ, ಬೆರಳ ತುದಿ, ಅಂಗಿಯ ತೋಳು, ಚಪ್ಪಲಿಯ ಅಡಿಯನ್ನು ಕೊಳವೆಯ ಮುಂದೆ ಹಿಡಿಸಿದೆ. ಹುಡುಗರಿಗೆ ತಮಾಷೆ, ಪ್ರೊಫೆಸರ ಮುಖದಲ್ಲಿ ರಕ್ತವಿಲ್ಲ. ಒಬ್ಬ ಹುಡುಗನ ಬಲಗೈಯ ಎರಡು ಬೆರಳು ಮತ್ತು ಮಾಮಾ ಅವರ ಹೆಗಲ ಮೇಲಿನ ಒರೆಸುವ ಬಟ್ಟೆ, ಇವೆರಡರಲ್ಲಿ ಟಿಕ್ ಏರಿತು. ಬಟ್ಟೆ ಚೀಲಕ್ಕೆ ಹೋಯಿತು. ಹುಡುಗನಿಗೆ ಉಗುರು ಬೆಚ್ಚಗಿನ ನೀರು, ಸಾದಾ ಸಾಬೂನು. ಅವನು ಮೇಜಿನ ಮೇಲಿದ್ದ ಬ್ರಶ್ ಎತ್ತಿಕೊಂಡ, ತಡೆದೆ. ತಿಕ್ಕಿದರೆ ಚರ್ಮ ತರಚುತ್ತದೆ, ತರಚಿದ ಕಡೆಯಿಂದ ಒಳಗೆ ಹೋಗುತ್ತದೆ. ಮೂರು ಸಲ ಮೆಲ್ಲಗೆ ತೊಳೆದ ಮೇಲೆ ಬೆರಳು ಮೂವತ್ತಕ್ಕೆ ಬಂತು.

ನಂತರ ಬಿಲ್ಲೆಗಳ ಪೆಟ್ಟಿಗೆ. ಮೇಲಿನ ಬಣ್ಣದ ಸ್ಟಿಕ್ಕರ್ ಎಲ್ಲವೂ ಸರಿಯಾಗೇ ಇತ್ತು. ಸೀಸಿಯಂ ಬಿಲ್ಲೆಯನ್ನು ಉದ್ದ ಇಕ್ಕಳದಲ್ಲಿ ತಿರುಗಿಸಿದಾಗ ಹಿಂದೆ ಕೂದಲೆಳೆಯಂಥ ಬಿರುಕು ಕಂಡಿತು. ಯಾವುದೋ ಕಾಲದಲ್ಲಿ ಯಾರೋ ಅದನ್ನು ಅಸಿಟೋನ್‌ನಲ್ಲಿ ಒರೆಸಿ ಸ್ವಚ್ಛ ಮಾಡಿರಬೇಕು. ಆ ಜಾತಿಯ ಪ್ಲಾಸ್ಟಿಕ್ಕಿಗೆ ಅಸಿಟೋನ್ ಆಗಿಬರುವುದಿಲ್ಲ. ಸೋರುತ್ತಿದೆ ಎಂದು ಖಚಿತ ಮಾಡಲು ಒಂದು ಸುಲಭ ದಾರಿ ಇದೆ. ಸ್ಪಿರಿಟ್‌ನಲ್ಲಿ ಒದ್ದೆ ಮಾಡಿದ ಹತ್ತಿಯನ್ನು ಇಕ್ಕಳದಲ್ಲಿ ಹಿಡಿದು ಬಿಲ್ಲೆಯನ್ನು ಒಂದು ಸಲ ಒರೆಸಿ, ಆ ಹತ್ತಿಯನ್ನು ಮಾತ್ರ ದೂರ ಒಯ್ದು ಎಣಿಸುವುದು. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಹತ್ತಿಯಲ್ಲಿ 200 ಬೆಕರೆಲ್, ಅಂದರೆ ಸೆಕೆಂಡಿಗೆ 200 ಅಣು ಒಡೆಯುವಷ್ಟು ಬಂದರೆ, ಆ ಸೀಲ್ ಸತ್ತಿತು ಎಂದು ಲೆಕ್ಕ. ನಮ್ಮ ಹತ್ತಿ ಅದನ್ನು ಎಷ್ಟೋ ಪಟ್ಟು ದಾಟಿತ್ತು.

ಎಷ್ಟು ಗಾಬರಿಯಾಗಬೇಕು ಎಂಬುದಕ್ಕೂ ಒಂದು ಅಳತೆ ಬೇಕು. ಕಾಲೇಜಿನ ಬಿಲ್ಲೆ 1996ರಲ್ಲಿ ಕೊಂಡಾಗ ಐದು ಮೈಕ್ರೋಕ್ಯೂರಿ, ಸೆಕೆಂಡಿಗೆ 1,85,000 ಅಣು. ಸೀಸಿಯಂನ ಅರ್ಧಾಯುಷ್ಯ 30 ವರ್ಷವಾದ್ದರಿಂದ ಹದಿನೈದು ವರ್ಷ ಕಳೆದರೂ ನೂರರಲ್ಲಿ ಎಪ್ಪತ್ತು ಪಾಲು ಉಳಿದಿತ್ತು. ಸಂಖ್ಯೆ ದೊಡ್ಡದಾಗಿ ಕೇಳುತ್ತದೆ, ಆದರೆ ಅದರಿಂದ ಯಾರೂ ಸಾಯುವುದಿಲ್ಲ, ಕಾಯಿಲೆಯೂ ಬೀಳುವುದಿಲ್ಲ. ಬಾಯಿಗೆ ಹೋಗಬಾರದು, ಅಷ್ಟೇ. ಸೀಸಿಯಂ ದೇಹದಲ್ಲಿ ಪೊಟ್ಯಾಸಿಯಂನ ವೇಷ ಹಾಕಿ ಮಾಂಸಖಂಡಗಳಲ್ಲಿ ಹರಡುತ್ತದೆ, ಅರ್ಧ ಹೊರಗೆ ಹೋಗಲು ಎರಡು ಮೂರು ತಿಂಗಳು ಬೇಕು. ಅದೇ ಮೇಜಿನ ತುದಿಯಲ್ಲಿ ಮಾಮಾ ಅವರ ಚಹಾದ ಲೋಟ ಇತ್ತು. ನನಗೆ ಹೆದರಿಕೆಯಾದದ್ದು ಆ ಲೋಟ ಕಂಡು.

ಬಿಲ್ಲೆಯನ್ನು ಒಂದು ಪಾಲಿಥಿನ್ ಚೀಲಕ್ಕೆ, ಆ ಚೀಲವನ್ನು ಇನ್ನೊಂದಕ್ಕೆ ಹಾಕಿ ಟೇಪು ಸುತ್ತಿ ಸೀಸದ ಕುಡಿಕೆಯಲ್ಲಿ ಇಟ್ಟೆವು. ಹಿಡಿದ ಇಕ್ಕಳವೂ ಚೀಲದಲ್ಲಿ. ಮೇಲೆ ದಿನಾಂಕ, ಹೆಸರು, ‘ಸೋರುತ್ತಿದೆ, ತೆರೆಯಬೇಡಿ’ ಎಂದು ಕನ್ನಡದಲ್ಲಿ ನಾನು, ಮರಾಠಿಯಲ್ಲಿ ಪ್ರೊಫೆಸರ್ ಬರೆದೆವು. ಮೇಜಿನ ಸುತ್ತ ಸೀಮೆಸುಣ್ಣದ ಗೆರೆ. ಗೆರೆಯ ಹೊರಗಿನಿಂದ ಒಳಕ್ಕೆ, ಒಂದೊಂದು ಹತ್ತಿಯಲ್ಲಿ ಒಂದೊಂದೇ ಎಳೆತ. ಹಿಂದೆ ಮುಂದೆ ಉಜ್ಜುವಂತಿಲ್ಲ, ಒಮ್ಮೆ ಬಳಸಿದ ಹತ್ತಿ ಮತ್ತೆ ಮೇಜನ್ನು ಮುಟ್ಟುವಂತಿಲ್ಲ. ನಮ್ಮ ಮನೆಗಳಲ್ಲಿ ನೆಲ ಒರೆಸುವ ಹೆಂಗಸರು ಕೊಳೆಯನ್ನು ಮೂಲೆಯಿಂದ ಎಳೆದು ತರುತ್ತಾರಲ್ಲ, ಅದರ ತದ್ವಿರುದ್ಧ. ಪ್ರತಿ ಎಳೆತಕ್ಕೂ ಎಣಿಕೆ, ಪ್ರತಿ ಎಣಿಕೆಗೂ ಪುಸ್ತಕದಲ್ಲಿ ಒಂದು ಸಾಲು. ನಾಲ್ಕು ಗಂಟೆ ಹಿಡಿಯಿತು. ಇದರಲ್ಲಿ ಸಿನಿಮಾದಂಥದ್ದು ಏನೂ ಇಲ್ಲ, ಬೇಸರ ಬರುವ ಕೆಲಸ. ಮೇಜಿನ ಮರದ ಸಂದಿಯಲ್ಲಿ ಕೂತದ್ದು ಕೊನೆಗೂ ಬರಲಿಲ್ಲ, ಅಷ್ಟು ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮುಚ್ಚಿದೆವು. ಚಹಾದ ಲೋಟ ಎಣಿಸಿದೆ, ಮೂವತ್ತೆರಡು. ಅಲ್‌ಹಮ್ದುಲಿಲ್ಲಾಹ್ ಎಂದುಬಿಟ್ಟೆ. ಮಾಮಾ ನಕ್ಕರು, ಅವರಿಗೆ ಆ ಪದ ಗೊತ್ತಿತ್ತು.

ಶ್ರೀಮಂತ ದೇಶಗಳಲ್ಲಿ ಹೀಗೆಲ್ಲ ಆಗುವುದಿಲ್ಲ ಎಂದು ಯಾರಾದರೂ ತಿಳಿದಿದ್ದರೆ 2019ರ ಮೇ 2ರಂದು ಅಮೆರಿಕದ ಸಿಯಾಟಲ್‌ನಲ್ಲಿ ಆದದ್ದನ್ನು ನೋಡಬಹುದು. ಹಾರ್ಬರ್‌ವ್ಯೂ ಆಸ್ಪತ್ರೆಯ ಸಂಶೋಧನಾ ಕಟ್ಟಡದಿಂದ ಸೀಸಿಯಂ ಯಂತ್ರವೊಂದನ್ನು ತೆಗೆದುಕೊಂಡು ಹೋಗಲು ಬಂದವರು ಅದರ ಸೀಲನ್ನೇ ಒಡೆದರು. 13 ಜನರ ಮೈಗೆ ಹತ್ತಿತು, ಏಳು ಮಹಡಿಯ ಕಟ್ಟಡ ಸ್ವಚ್ಛಗೊಳಿಸಲು ಬಹುಕಾಲ ಬೇಕಾಯಿತು. ಅಲ್ಲಿ ಇದ್ದದ್ದು ಸೀಸಿಯಂ ಕ್ಲೋರೈಡ್. ಅದು ನಾವು ಗಂಜಿಗೆ ಹಾಕುವ ಉಪ್ಪಿನ ಜಾತಿಯದ್ದೇ. ಪುಡಿಯಾಗುತ್ತದೆ, ನೀರಿನಲ್ಲಿ ಕರಗುತ್ತದೆ. ಹಳೇ ಕಾಲದ ರೇಡಿಯಂ ಸೂಜಿಗಳದ್ದು ಇನ್ನೊಂದು ಕಥೆ. ರೇಡಿಯಂ ಒಡೆದಾಗ ರೇಡಾನ್ ಅನಿಲ ಹುಟ್ಟುತ್ತದೆ, ಹೀಲಿಯಂ ಸೇರುತ್ತದೆ. ಮುಚ್ಚಿದ ಕೊಳವೆಯೊಳಗೆ ವರ್ಷಗಟ್ಟಲೆ ಒತ್ತಡ ಏರಿ ಒಂದು ದಿನ ಅದೇ ಬಿರಿಯುತ್ತದೆ. ಯಾರೂ ಮುಟ್ಟದಿದ್ದರೂ ಸೋರುವ ಮೂಲ ಅದು.

ಸಂಜೆ ಐದಕ್ಕೆ ಕೆಲಸ ಮುಗಿಯಿತು ಎಂದುಕೊಂಡು ರಿಜಿಸ್ಟರ್ ತರಿಸಿದೆ. ನಿಜವಾದ ಕೆಲಸ ಅಲ್ಲಿ ಶುರುವಾಯಿತು.

ರಿಜಿಸ್ಟರಿನಲ್ಲಿ ಬಿಲ್ಲೆ ನಾಲ್ಕು. ಪೆಟ್ಟಿಗೆಯಲ್ಲಿ ಇದ್ದದ್ದು ಮೂರು. ಕೋಬಾಲ್ಟ್ ಇಲ್ಲ. ಅದರ ಸೀಸದ ಕುಡಿಕೆಯೂ ಇಲ್ಲ. ಕಪಾಟು, ಡ್ರಾಯರು ಎಲ್ಲ ನೋಡಿದೆವು. ಮಾಮಾ ತಲೆ ಕೆರೆದುಕೊಂಡು ನಿಂತವರು ಒಮ್ಮೆಲೇ ಹೇಳಿದರು: “ಸರ, ಹೋದ ತಿಂಗಳ ಸ್ಟೋರ್ ರೂಮಿನ ಭಂಗಾರ ಹಾಕಿದ್ರಲ್ರಿ.”

ಪ್ರೊಫೆಸರ್ ಕುರ್ಚಿಯಲ್ಲಿ ಕೂತುಬಿಟ್ಟರು. ಅವರು ಯಾಕೆ ಕೂತರು ಎಂದು ನನಗೆ ಗೊತ್ತಿತ್ತು. ಹಿಂದಿನ ವರ್ಷವಷ್ಟೇ ಮಾಯಾಪುರಿ ಆಗಿತ್ತು.

ದೆಹಲಿಯ ಮಾಯಾಪುರಿ ಎಂದರೆ ಸಾವಿರಾರು ಗುಜರಿ ಅಂಗಡಿಗಳ ಪೇಟೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೆನಡಾದಿಂದ ತರಿಸಿದ ಗಾಮಾ ಯಂತ್ರ ಒಂದಿತ್ತು. 1985ರಿಂದ ಅದನ್ನು ಯಾರೂ ಬಳಸಿರಲಿಲ್ಲ. 2010ರ ಫೆಬ್ರವರಿಯಲ್ಲಿ ಹಳೇ ಸಾಮಾನಿನ ಜೊತೆ ಹರಾಜಾಯಿತು. ಕೊಂಡವರಿಗೆ ಅದು ಸೀಸ ಮತ್ತು ಉಕ್ಕು. ಒಡೆದರು, ಕತ್ತರಿಸಿದರು, ತುಂಡುಗಳು ಅಂಗಡಿಯಿಂದ ಅಂಗಡಿಗೆ ಹೋದವು. ಒಬ್ಬ ಅಂಗಡಿಯವನು ಹೊಳೆಯುವ ಒಂದು ಚೂರನ್ನು ಪರ್ಸಿನಲ್ಲಿ ಇಟ್ಟುಕೊಂಡ. ಏಪ್ರಿಲಿನಲ್ಲಿ ಕೂದಲು ಉದುರಿ, ಚರ್ಮ ಕಪ್ಪಾಗಿ, ವಾಂತಿಯಾಗಿ ಜನ ಆಸ್ಪತ್ರೆ ಸೇರಿದ ಮೇಲೆಯೇ ವಿಷಯ ಹೊರಬಿದ್ದದ್ದು. ಗುಜರಿ ಕೆಲಸದ 35 ವರ್ಷದ ಒಬ್ಬ ಸತ್ತ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. 25 ವರ್ಷ ಮೂಲೆಯಲ್ಲಿ ಬಿದ್ದಿದ್ದ ಆ ಯಂತ್ರದಲ್ಲಿ 1985ರಲ್ಲಿ ಇದ್ದದ್ದರ ಇಪ್ಪತ್ತೇಳರಲ್ಲಿ ಒಂದು ಪಾಲು ಉಳಿದಿತ್ತು. ಆ ಒಂದು ಪಾಲಿಗೆ ಇಷ್ಟಾಯಿತು.

ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರ ಸೆಪ್ಟೆಂಬರಿನಲ್ಲಿ ಆದದ್ದು ಇದಕ್ಕಿಂತ ಕೆಟ್ಟದ್ದು. ಪಾಳು ಬಿದ್ದ ಆಸ್ಪತ್ರೆಯಿಂದ ಇಬ್ಬರು ಯಂತ್ರ ಬಿಚ್ಚಿ ತಂದು ಗುಜರಿಗೆ ಮಾರಿದರು. ಅದರಲ್ಲಿ ಸೀಸಿಯಂ ಕ್ಲೋರೈಡ್, ನಮ್ಮ ಕಾಲೇಜಿನ ಬಿಲ್ಲೆಯ ಇಪ್ಪತ್ತೇಳೂವರೆ ಕೋಟಿ ಪಟ್ಟು. ಕತ್ತಲಲ್ಲಿ ನೀಲಿಯಾಗಿ ಹೊಳೆಯುವುದನ್ನು ಕಂಡು ಗುಜರಿ ಅಂಗಡಿಯವನು ನೆಂಟರನ್ನು ಕರೆದು ತೋರಿಸಿದ, ಚಿಟಿಕೆ ಚಿಟಿಕೆ ಹಂಚಿದ. ಸತ್ತವರು ನಾಲ್ವರು: ಅವನ ಹೆಂಡತಿ, ಸೋದರನ ಆರು ವರ್ಷದ ಮಗಳು, ಅಂಗಡಿಯಲ್ಲಿ ಕೆಲಸಕ್ಕಿದ್ದ ಇಬ್ಬರು ಹುಡುಗರು. 1,12,000ಕ್ಕೂ ಹೆಚ್ಚು ಜನರನ್ನು ಸ್ಟೇಡಿಯಂನಲ್ಲಿ ಸಾಲು ನಿಲ್ಲಿಸಿ ಪರೀಕ್ಷಿಸಿದರು, 249 ಜನರಿಗೆ ಹತ್ತಿತ್ತು. ಮನೆಯವರೆಲ್ಲ ಕಾಯಿಲೆ ಬೀಳುತ್ತಿರುವುದಕ್ಕೆ ಈ ವಸ್ತುವೇ ಕಾರಣ ಎಂದು ಮೊದಲು ಅನುಮಾನಪಟ್ಟು, ಅದನ್ನು ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ಆರೋಗ್ಯ ಕಚೇರಿಗೆ ಒಯ್ದದ್ದು ಆ ಗುಜರಿಯವನ ಹೆಂಡತಿ. ಓದು ಬರಹ ಬಲ್ಲ ಯಾರಿಗೂ ಹೊಳೆಯದ್ದು ಆಕೆಗೆ ಹೊಳೆಯಿತು. ಎರಡೂ ಕಥೆಗಳಲ್ಲಿ ಕೊಂಡವರು, ಬಳಸಿದವರು, ಮರೆತವರು ಒಬ್ಬರು. ಸತ್ತವರು ಗುಜರಿಯವರು.

ನಮ್ಮ ಕೋಬಾಲ್ಟ್ ಬಿಲ್ಲೆ ಅಷ್ಟರದ್ದಲ್ಲ ಎಂದು ಪ್ರೊಫೆಸರಿಗೆ ಲೆಕ್ಕ ಮಾಡಿ ತೋರಿಸಿದೆ. 1996ರದ್ದು ಈಗ ಏಳರಲ್ಲಿ ಒಂದು ಪಾಲು ಮಾತ್ರ. ಆದರೆ ಮರಾಠವಾಡದ ಗುಜರಿ ಹೋಗುವುದು ಜಾಲ್ನಾದ ಉಕ್ಕಿನ ಕುಲುಮೆಗಳಿಗೆ. ಕರಗಿಸಿದರೆ ಅದು ಕಂಬಿಯಾಗುತ್ತದೆ, ಕಂಬಿ ಯಾರದೋ ಮನೆಯ ಮಾಳಿಗೆಯಾಗುತ್ತದೆ. 2008ರಲ್ಲಿ ಫ್ರಾನ್ಸಿನಲ್ಲಿ ಲಿಫ್ಟಿನ ಬಟನ್‌ಗಳಲ್ಲಿ ಕೋಬಾಲ್ಟ್-60 ಸಿಕ್ಕಿದಾಗ ಹುಡುಕುತ್ತ ಹೋದರೆ ಉಕ್ಕು ಭಾರತದ್ದಾಗಿತ್ತು. ಸಣ್ಣದು ಎಂದು ಬಿಡುವ ಹಾಗಿರಲಿಲ್ಲ.

ಮಗ್ರಿಬ್‌ಗೆ ಇನ್ನೂ ಒಂದು ಗಂಟೆ ಇತ್ತು. ಮಾಮಾ, ಪ್ರೊಫೆಸರ್, ನಾನು ಮೂವರೂ ಊರಾಚೆಯ ಭಂಗಾರ್ ಅಂಗಡಿಗೆ ಹೋದೆವು. ಮಾಲೀಕರು ಐವತ್ತರ ಮೇಲಿನವರು, ದಖನಿ ಉರ್ದು, ಮರಾಠಿ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಆಡುವವರು. ಸಲಾಂ ಹೇಳಿದೆ. ಕಾಲೇಜಿನವರು ಮಾರಿದ ಮಾಲು ವಾಪಸ್ ಕೇಳಲು ಬಂದಿದ್ದಾರೆ ಎಂದ ಕೂಡಲೇ ಅವರ ಮುಖ ಬದಲಾಯಿತು. ಬೆಲೆಬಾಳುವುದು ಏನೋ ಇತ್ತು ಎಂದು ಅವರಿಗೆ ಅನಿಸಿತು. ನಾನು ಬೇರೇನೂ ಹೇಳಲಿಲ್ಲ. “ನನ್ನ ಮಾವನದ್ದೂ ಇದೇ ಧಂದೆ ಭಾಯಿ, ಮಂಗಳೂರಿನಲ್ಲಿ,” ಎಂದೆ. ಮಾಯಾಪುರಿಯ ಕಥೆ ಹೇಳಿದೆ. ಅವರು ಟಿ.ವಿ.ಯಲ್ಲಿ ನೋಡಿದ್ದರು. ಬೀಡಿ ಆರಿಸಿ ಎದ್ದು ನಿಂತರು.

ಕೌಂಟರ್ ಹಿಡಿದು ರಾಶಿಯ ಸುತ್ತ ನಡೆದೆ. ಮೂವತ್ತು, ಇಪ್ಪತ್ತೆಂಟು, ಮೂವತ್ತೊಂದು. ಏನೂ ಇಲ್ಲ. ಪ್ರೊಫೆಸರ್ ಇಲ್ಲಿಲ್ಲ, ಹೋಗಿಬಿಟ್ಟಿದೆ ಎಂದರು. ಸೀಸದ ಕುಡಿಕೆಯೊಳಗೆ ಇದ್ದರೆ ಹೊರಗೆ ಎಲ್ಲಿಂದ ಕೇಳಬೇಕು? ಸೀಸ ಇರುವುದೇ ಅದನ್ನು ತಡೆಯಲು. ಯಂತ್ರ ಕೆಳಗಿಟ್ಟು ಮಾಲೀಕರನ್ನು ಕೇಳಿದೆ: ಸೀಸ ಎಲ್ಲಿ ಹಾಕುತ್ತೀರಿ? ಹಿಂದಿನ ಶೆಡ್ಡಿನಲ್ಲಿ, ಬ್ಯಾಟರಿಯ ತಗಡುಗಳ ಜೊತೆ. ಅಲ್ಲಿ ಗೋಣಿಯ ಮೇಲೆ ಕಪ್ಪು ಬೂದು ಬಣ್ಣದ ಗುಡ್ಡೆ. ಬ್ಯಾಟರಿಯ ಸೀಸ ಒರಟು, ತೂತು ತೂತು, ಬಿಳಿಯ ಹುಡಿ ಹಿಡಿದದ್ದು. ಕುಡಿಕೆಯ ಸೀಸ ಲೇತಿನಲ್ಲಿ ತಿರುಗಿಸಿ ನುಣುಪು ಮಾಡಿದ್ದು, ಬೆರಳಿಗೆ ತಿಳಿಯುತ್ತದೆ. ಇದು ನನ್ನ ಮಾವನ ಅಂಗಡಿಯ ವಿದ್ಯೆ. ನಾಲ್ಕು ನಿಮಿಷ ಹಿಡಿಯಲಿಲ್ಲ. ತೆಂಗಿನಕಾಯಿಯಷ್ಟು ದೊಡ್ಡದು, ಎರಡೂ ಕೈ ಬೇಕಾಯಿತು. ಬದಿಯಲ್ಲಿ ಮೂರು ರೆಕ್ಕೆಯ ಫ್ಯಾನಿನಂಥ ಗುರುತು, ಹಳದಿ ಬಣ್ಣ ಅಳಿಸಿಹೋಗಿತ್ತು. ಮುಚ್ಚಳ ಸ್ವಲ್ಪ ಸರಿಸಿ ಕೊಳವೆ ಹಿಡಿದೆ. ಟಿಕ್ಕುಗಳು ಒಂದಕ್ಕೊಂದು ಅಂಟಿಕೊಂಡು ಓಡಿದವು. ಮುಚ್ಚಿದೆ. ಹೊರಗೆ ಒರೆಸಿದ ಹತ್ತಿಯಲ್ಲಿ ಏನೂ ಬರಲಿಲ್ಲ. ಈ ಬಿಲ್ಲೆ ಸೋರಿರಲಿಲ್ಲ.

ಆ ಗುರುತು ಗುಜರಿಯವರಿಗೆ ಗೊತ್ತಿರಬೇಕು. ಅದು ಇಲ್ಲದಿದ್ದರೂ, ಆಸ್ಪತ್ರೆ, ಕಾಲೇಜು, ಕಾರ್ಖಾನೆಯ ಮಾಲಿನಲ್ಲಿ ಗಾತ್ರಕ್ಕೆ ಮೀರಿದ ಭಾರದ ಡಬ್ಬಿ, ಸೀಸದ ಹೊಟ್ಟೆಯೊಳಗೆ ಹೊಳೆಯುವ ಸ್ಟೀಲಿನ ಸಣ್ಣ ಕಡ್ಡಿ ಅಥವಾ ಗುಂಡಿ ಕಂಡರೆ ಗರಗಸ ಹಾಕಬಾರದು, ಸುತ್ತಿಗೆ ಹಾಕಬಾರದು, ಜೇಬಿಗಂತೂ ಹಾಕಲೇಬಾರದು. ಅಲ್ಲೇ ಬಿಟ್ಟು ಸಾಕಷ್ಟು ದೂರ ಹೋಗಿ ನಿಂತು ಪೊಲೀಸರಿಗೆ ತಿಳಿಸಿದರೆ ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯವರಿಗೆ ವಿಷಯ ಹೋಗುತ್ತದೆ. ದೂರವೇ ದೊಡ್ಡ ಔಷಧಿ: ಎರಡು ಪಟ್ಟು ದೂರ ಹೋದರೆ ವಿಕಿರಣ ನಾಲ್ಕರಲ್ಲಿ ಒಂದಾಗುತ್ತದೆ. ಮಾರಿದವನ ಚೀಟಿ ಇಟ್ಟುಕೊಳ್ಳಿ. ಹಳೇ ಲ್ಯಾಬ್ ಸಾಮಾನು ಹರಾಜು ಹಾಕುವ ನಮ್ಮ ಮಾಸ್ಟ್ರುಗಳಿಗೂ ಒಂದು ಮಾತು: ರಿಜಿಸ್ಟರ್ ತೆಗೆದು ಎಣಿಸಿ, ಆಮೇಲೆ ಗಾಡಿ ಕರೆಸಿ.

ಅಂಗಡಿಯಲ್ಲಿ ಹದಿನಾಲ್ಕು ಹದಿನೈದರ ಒಬ್ಬ ಹುಡುಗ ಇದ್ದ. ಕುಡಿಕೆಯನ್ನು ಗಾಡಿಯಿಂದ ಇಳಿಸಿದ್ದು ಅವನೇ. ಬಂದಾಗಿನಿಂದ ಒಂದು ಮಾತಿಲ್ಲದೆ ನೋಡುತ್ತಿದ್ದವನು ಎರಡೂ ಅಂಗೈ ಚಾಚಿ ನನ್ನ ಮುಂದೆ ನಿಂತ. ನಮ್ಮಲ್ಲಿ ಸಣ್ಣ ಮಕ್ಕಳು ಮದರಸದಲ್ಲಿ ಉಗುರು ತೋರಿಸುವ ಹಾಗೆ. ಬೆರಳಿನ ಸಂದಿ ಸಂದಿಯೂ ಎಣಿಸಿದೆ, ಕಾಲಿನ ಅಡಿಯನ್ನೂ. ಇಪ್ಪತ್ತೊಂಬತ್ತು. “ಏನೂ ಇಲ್ಲ ಮಗಾ,” ಎಂದರೂ ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. ಇನ್ನೊಮ್ಮೆ ಎಣಿಸಿದೆ.

ಬಿಲ್ಲೆಗಳನ್ನು ಬಸ್ಸಿನಲ್ಲಿ ಒಯ್ಯುವಂತಿಲ್ಲ, ಅಂಚೆಯಲ್ಲಿ ಕಳಿಸುವಂತಿಲ್ಲ, ಹೂಳುವಂತಿಲ್ಲ. ಕಾಲೇಜಿನ ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿ, ಹತ್ತಿಯ ಚೀಲಗಳನ್ನೂ ಅಲ್ಲೇ ಇಟ್ಟು, ಮಂಡಳಿಗೂ ಬಿಲ್ಲೆ ಪೂರೈಸಿದವರಿಗೂ ಪ್ರೊಫೆಸರ್ ಅದೇ ರಾತ್ರಿ ಪತ್ರ ಬರೆದರು. ವಾಪಸ್ ಹೋಗಲು ಏಳು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಕಪಾಟಿನ ಹಿಡಿಕೆ ಒರೆಸಿ ಎಣಿಸಿ ಬರುತ್ತಿದ್ದೆ.

ಅಂಗಡಿಯಿಂದ ಹೊರಡುವ ಮೊದಲು ಒಂದು ವ್ಯವಹಾರ ಬಾಕಿ ಇತ್ತು. ಕುಡಿಕೆ ತೂಗಿದರೆ ಐದು ಕಿಲೋ ಎಂಟುನೂರು ಗ್ರಾಂ. ಅಂಗಡಿಯವರು ದುಡ್ಡು ಕೊಟ್ಟು ಕೊಂಡದ್ದು ತಾನೇ. ಕಾಲೇಜಿನಿಂದ ಬಿಲ್ ಆಗಬೇಕಾದರೆ ಎಷ್ಟು ಕಾಗದ ಓಡಬೇಕೋ ಎಂದು ಪ್ರೊಫೆಸರ್ ತಮ್ಮ ಜೇಬಿಗೇ ಕೈ ಹಾಕಿದರು. ಮಾಲೀಕರು ಕೊಂಡ ರೇಟಿನ ಮೇಲೆ ಕಿಲೋಗೆ ಎರಡು ರೂಪಾಯಿ ಹೆಚ್ಚು ಹೇಳಿದರು. ನಾನು ಅವರ ಮುಖ ನೋಡಿದೆ. “ಧಂದಾ ಹೈ ಭಾಯಿ,” ಎಂದು ನಕ್ಕರು. ನನ್ನ ಮಾವನೂ ಅದನ್ನೇ ಮಾಡುತ್ತಿದ್ದರು. ಪ್ರೊಫೆಸರ್ ಚೌಕಾಸಿ ಮಾಡದೆ ಎಣಿಸಿ ಕೊಟ್ಟರು.